ಗ್ಯಾರೇಜ್ ಕಟ್ಟೆ: ಕೊಬ್ರಿ ಎಣ್ಣೆ ಥರ ಡೀಸೆಲ್ಲೂ ಗಟ್ಟಿಯಾಗುತ್ತೆ

ಈ ಸಲ ಬಂದಿರೋ ಕಾಗದಗಳಲ್ಲಿ ಅರ್ಧಕ್ಕರ್ಧ ಚಳೀದೇ ಮಾತು. ಮಂಡ್ಯದಲ್ಲಿ ಬೆಳಗಿನ ಜಾವ ಟೀ ಅಂಗಡಿ ಮುಂದೆ ಮಫ್ಲರ್ ಸುತ್ಕೊಂಡು ಕೈ ಉಜ್ಕೊಳ್ಳೋಷ್ಟು ಚಳಿ ಬಿದ್ರೆ ಸಾಕು, ನಮ್ಮೋರಿಗೆ ಇರೋ ಬರೋ ಅನುಮಾನವೆಲ್ಲ ಎದ್ದು ಕೂತ್ಕೊಳ್ಳುತ್ತೆ. ಒಳ್ಳೇದೇ ಬಿಡಿ, ಕೇಳಿದ್ರೆ ತಾನೆ ಹೇಳೋಕಾಗೋದು.

ಪ್ರಶ್ನೆ: ಮೇಸ್ತ್ರಿ ಅಣ್ಣ, ನಂದು ಪಾಂಡವಪುರದ ಹತ್ರ ಒಂದು ಹಳ್ಳಿ. ಹತ್ತು ಚಕ್ರದ ಲಾರಿ, ಬಿಎಸ್ 6 ಗಾಡಿ. ಇಷ್ಟು ದಿನ ಬೆಲ್ಲ, ಸಕ್ಕರೆ, ಸಿಮೆಂಟು ಅಂತ ಪೂನಾ ದಾಟಿ ಹೋದವನಲ್ಲ. ಈಗ ನಮ್ ಓನರ್ರು ಲೇಹ್‌ಗೆ ಮೆಷಿನರಿ ಲೋಡ್ ಒಪ್ಕೊಂಡ್ಬುಟ್ಟವ್ರೆ, ನವೆಂಬರ್‌ನಲ್ಲಿ ಹೊರಡ್ಬೇಕು. ಅಲ್ಲಿ ಡೀಸೆಲ್ ಹೆಪ್ಪುಗಟ್ಟುತ್ತಂತೆ, ಟ್ಯಾಂಕ್ ಕೆಳಗೆ ಬೆಂಕಿ ಹಾಕಿ ಕರಗಿಸ್ಬೇಕು ಅಂತ ಸ್ಟ್ಯಾಂಡಲ್ಲಿ ಒಬ್ರು ಹೇಳಿದ್ರು. ಓನರ್ರು ಸೀಮೆಎಣ್ಣೆ ಬೆರೆಸ್ಕೋ ಸರಿಹೋಯ್ತದೆ ಅಂತಾರೆ. ಯಾವ್ದು ಮಾಡ್ಲಿ?

ಉತ್ತರ: ಎರಡೂ ಮಾಡ್ಬೇಡ ಕಣಪ್ಪ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದು.

ನಿಮ್ಮನೆ ಬಚ್ಚಲಲ್ಲಿ ಕೊಬ್ರಿ ಎಣ್ಣೆ ಬಾಟಲ್ ಇರುತ್ತಲ್ಲ, ಡಿಸೆಂಬರ್‌ನಲ್ಲಿ ಬೆಳಗ್ಗೆ ಬೋರಲು ಹಾಕಿದ್ರೂ ಒಂದು ತೊಟ್ಟು ಬೀಳಲ್ಲ, ಹೊಸಲು ಮೇಲೆ ಬಿಸಿಲಿಗಿಟ್ರೆ ತಾನಾಗೇ ಇಳಿಯುತ್ತೆ. ಅದಕ್ಕೆ 24 ಡಿಗ್ರಿ ಕೆಳಗೆ ಹೋದ್ರೆ ಸಾಕು, ಗಟ್ಟಿ. ಡೀಸೆಲ್‌ನಲ್ಲೂ ಮೇಣದ ಅಂಶ ಕರಗ್ಕೊಂಡಿರುತ್ತೆ, ಪ್ಯಾರಾಫಿನ್ ಅಂತಾರೆ, ಮೇಣದಬತ್ತಿ ಮಾಡೋದೂ ಅದರ ಜಾತೀದ್ರಲ್ಲೇ. ಚಳಿ ಏರ್ತಾ ಏರ್ತಾ ಮೊದ್ಲು ಡೀಸೆಲ್ ಮಂಜು ಮಂಜಾಗುತ್ತೆ, ಆಮೇಲೆ ಸಣ್ಣ ಸಣ್ಣ ಹರಳು ಕಟ್ಟಿ ಫಿಲ್ಟರ್ ಕಣ್ಣು ಮುಚ್ಚುತ್ತೆ, ಇನ್ನೂ ಇಳಿದ್ರೆ ಟ್ಯಾಂಕೇ ಗಂಜಿ. ಇದರಲ್ಲಿ ತಿಳ್ಕೋಬೇಕಾದ್ದು ಏನಂದ್ರೆ ಟ್ಯಾಂಕ್ ಗಟ್ಟಿಯಾಗೋವರ್ಗೂ ಕಾಯೋದೇ ಬೇಡ, ಅದಕ್ಕೆ ಎಷ್ಟೋ ಮೊದ್ಲೇ ಫಿಲ್ಟರಲ್ಲೇ ಕಥೆ ಮುಗ್ದಿರುತ್ತೆ. ನಮ್ ದೇಶದ ಸ್ಟ್ಯಾಂಡರ್ಡ್ ಪ್ರಕಾರ ಮಾಮೂಲಿ ಡೀಸೆಲ್‌ಗೆ ಫಿಲ್ಟರ್ ಕಟ್ಟೋ ಮಿತಿ ಬೇಸಿಗೇಲಿ 18 ಡಿಗ್ರಿ, ಚಳಿಗಾಲದ ಮಾಲಿಗೆ 6 ಡಿಗ್ರಿ ಅಷ್ಟೇ. ಅದಕ್ಕಿಂತ ಒಳ್ಳೆ ಮಾಲು ಬಂದ್ರೆ ನಿನ್ ಪುಣ್ಯ, ಆದ್ರೆ ಅದರ ಮೇಲೆ ಭರವಸೆ ಇಟ್ಕೊಂಡು ಸೊನ್ನೆ ಕೆಳಗಿನ ಜಾಗಕ್ಕೆ ಹೋಗೋಕಾಗಲ್ಲ.

ನನಗೆ ಇದನ್ನ ಯಾರೂ ಹೇಳಿಕೊಟ್ಟಿರ್ಲಿಲ್ಲ. ಇಪ್ಪತ್ತೈದು ವರ್ಷದ ಮೇಲಾಯ್ತು, ಜಮ್ಮುಲಿ ಟ್ಯಾಂಕ್ ಕುತ್ತಿಗೆವರ್ಗೂ ತುಂಬಿಸ್ಕೊಂಡು, ಅಬ್ಬ ಇನ್ನು ಕಾರ್ಗಿಲ್‌ವರ್ಗೂ ಯೋಚನೆ ಇಲ್ಲ ಅಂತ ಜೋಜಿಲಾ ಘಾಟಿ ದಾಟಿ ದ್ರಾಸ್‌ನಲ್ಲಿ ರಾತ್ರಿ ಹಾಲ್ಟ್ ಹಾಕ್ದೆ. ಬೆಳಗ್ಗೆ ಸೆಲ್ಫ್ ಹೊಡೆದ್ರೆ ಇಂಜಿನ್ ಎರಡನೇ ಸಲಕ್ಕೇ ಎದ್ದುಬಿಡ್ತು. ಬೀಗಿದ್ದೇ ಬೀಗಿದ್ದು ನಾನು. ಎರಡು ನಿಮಿಷ ಓಡಿರ್ಬೇಕು, ಉಸಿರು ಕಟ್ಟಿದವನ ಥರ ಒಂದೆರಡು ಸಲ ಕುಂಟಿ, ನಿಂತೇಹೋಯ್ತು. ಆಮೇಲೆ ಎಷ್ಟು ಹೊಡೆದ್ರೂ ಇಲ್ಲ. ಪಂಪ್ ಹೋಯ್ತು ಅಂತ ಎದೆ ಡವಗುಟ್ಟೋಕೆ ಶುರುವಾಯ್ತು. ಫಿಲ್ಟರ್ ಬಟ್ಟಲು ಬಿಚ್ಚಿ ನೋಡ್ತೀನಿ, ಒಳಗೆ ಹಳದಿ ಬೆಳ್ಳಗೆ, ಮರಳು ಮರಳಾಗಿ ನಿಂತಿರೋ ತುಪ್ಪ! ಬೆರಳು ಹಾಕಿದ್ರೆ ಗುಳಿ ಬೀಳುತ್ತೆ. ಪೈಪಲ್ಲಿ, ಪಂಪಲ್ಲಿ ಉಳ್ದಿದ್ದ ಒಂದು ಲೋಟ ಡೀಸೆಲ್‌ನಲ್ಲೇ ಅದು ಎರಡು ನಿಮಿಷ ಓಡಿದ್ದು. ಎದ್ದು, ಸ್ವಲ್ಪ ಓಡಿ, ಸತ್ರೆ ಅದು ಮೇಣದ ಕೆಲಸ ಅಂತ ತಿಳ್ಕೋ. ಏಳದೇ ಇದ್ರೆ ಮೊದ್ಲು ಬ್ಯಾಟರಿ ಕಡೆ ನೋಡು.

ಅಷ್ಟರಲ್ಲಿ ನನ್ ಕ್ಲೀನರ್ ಹುಡುಗ ಕೋಲಿಗೆ ಬಟ್ಟೆ ಸುತ್ತಿ ಡೀಸೆಲ್‌ಗೆ ಅದ್ದಿ ಬೆಂಕಿ ಹಚ್ಕೊಂಡು ಟ್ಯಾಂಕ್ ಕೆಳಗೆ ತೂರೋಕೆ ರೆಡಿ. ಪಕ್ಕದ ಲಾರಿಯ ಸರ್ದಾರ್ಜಿ ಒಬ್ರು ಓಡ್ಬಂದು ಅವನ ಕೈಯಿಂದ ಕೋಲು ಕಿತ್ತು ಹಿಮದೊಳಗೆ ಚುಚ್ಚಿದ್ರು, ಆಮೇಲೆ ನನ್ನ ಕಡೆ ತಿರುಗಿ ಉಗಿದ್ರು ನೋಡು, ಭಾಷೆ ಬರದೇ ಇದ್ರೂ ಪೂರ್ತಿ ಅರ್ಥವಾಯ್ತು. ಟ್ಯಾಂಕ್ ಸುತ್ತ ಸೋರಿರೋ ಎಣ್ಣೆ, ರಬ್ಬರ್ ಪೈಪು, ವೈರಿಂಗು, ಏರ್ ಪೈಪು, ಎಲ್ಲಾ ಅಲ್ಲೇ ಇರುತ್ತೆ. ನಿನ್ ಬಿಎಸ್ 6 ಗಾಡೀಲಿ ಪ್ಲಾಸ್ಟಿಕ್ ಪೈಪು, ಸೆನ್ಸರ್ ಇನ್ನೂ ಜಾಸ್ತಿ. ಅವರು ಮಾಡಿದ್ದಿಷ್ಟೇ, ಹೋಟೆಲಿಂದ ಕೆಟಲ್‌ನಲ್ಲಿ ಬಿಸಿನೀರು ತರಿಸಿ, ಫಿಲ್ಟರ್‌ಗೆ ಗೋಣಿಚೀಲದ ಚೂರು ಸುತ್ತಿ ಅದರ ಮೇಲೆ ನಿಧಾನಕ್ಕೆ ಸುರಿದ್ರು, ಆಮೇಲೆ ಕೈಪಂಪ್ ಒತ್ತು ಅಂದ್ರು. ಒಂದು ಗಂಟೆ ಒತ್ತಿದ್ದೀನಿ. ಆದ್ರೂ ಲಾರಿ ಹೊರಟಿದ್ದು ಹನ್ನೊಂದಕ್ಕೆ, ಬಿಸಿಲು ಟ್ಯಾಂಕಿಗೆ ಬಿದ್ಮೇಲೇನೇ. ಯಾಕಂದ್ರೆ ಫಿಲ್ಟರ್ ಕರಗಿದ್ರೂ ಹಿಂದೆ ಟ್ಯಾಂಕಿಂದ ಮತ್ತೆ ಮೇಣಾನೇ ಬರ್ತಾ ಇರುತ್ತೆ. ಅವತ್ತಿಂದ ಆ ಕಡೆ ಹೋದಾಗೆಲ್ಲ ಟ್ಯಾಂಕ್ ಇರೋ ಮಗ್ಗಲು ಪೂರ್ವಕ್ಕೆ ಬರೋ ಹಾಗೆ ನಿಲ್ಲಿಸ್ತಿದ್ದೆ. ಕಾಸಿಲ್ಲದ ಹೀಟರ್ ಅದು.

ನಿನ್ನ ಅದೃಷ್ಟ, ಈಗ ಕಾಲ ಬದಲಾಗಿದೆ. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್‌ನೋರು ಲಡಾಖ್‌ಗೆ ಅಂತಾನೇ ಚಳಿಗಾಲದ ಡೀಸೆಲ್ ತಂದ್ರು, ಪಾಣಿಪತ್ ರಿಫೈನರೀಲಿ ಆಗೋದು, ಮೈನಸ್ 33 ಡಿಗ್ರಿವರ್ಗೂ ಹರಿಯೋ ಗುಣ ಹೋಗಲ್ಲ. ಆದ್ರೆ ಇಲ್ಲೊಂದು ಲೆಕ್ಕ ಇದೆ. ನಮ್ಮೋರ ಅಭ್ಯಾಸ ಏನು, ಮುಂದೆ ಬಂಕ್ ಸಿಗುತ್ತೋ ಇಲ್ವೋ ಅಂತ ಕೆಳಗೇ ಫುಲ್ ಮಾಡಿಸ್ಕೊಳ್ಳೋದು. ಮಾಮೂಲಿ ಡೀಸೆಲ್ ಮುಕ್ಕಾಲು ಟ್ಯಾಂಕ್ ಇಟ್ಕೊಂಡು ಅದರ ಮೇಲೆ ನೂರು ಲೀಟರ್ ಚಳಿಗಾಲದ್ದು ಸುರಿದ್ರೆ ಮೈನಸ್ 33ರ ಗುಣ ಬರಲ್ಲ, ಹಾಲಿಗೆ ನೀರು ಬೆರೆಸಿದ ಹಾಗೇನೇ. ಶ್ರೀನಗರ ದಾಟೋ ಹೊತ್ತಿಗೆ ಟ್ಯಾಂಕ್ ಎಷ್ಟಿದೆ ಅಂತ ಲೆಕ್ಕ ಹಾಕು, ಕಾರ್ಗಿಲ್‌ಗೆ ಧೈರ್ಯವಾಗಿ ತಲುಪೋಷ್ಟು ಇಟ್ಕೊಂಡು, ಅಲ್ಲಿ ಕೇಳಿ ಕೇಳಿ ಚಳಿಗಾಲದ್ದೇ ಹಾಕಿಸ್ಕೊಂಡು, ಆಮೇಲೆ ಇಂಜಿನ್ ಸ್ವಲ್ಪ ಹೊತ್ತು ಓಡ್ಸು, ಪೈಪು ಫಿಲ್ಟರ್ ಒಳಗೂ ಹೊಸ ಡೀಸೆಲ್ ಬರ್ಬೇಕು. ಹಾಕಿಸಿದ ತಕ್ಷಣ ಆಫ್ ಮಾಡಿ ಮಲಗಿದ್ರೆ ಫಿಲ್ಟರಲ್ಲಿ ಹಳೇದೇ ಇರುತ್ತೆ. ದ್ರಾಸ್‌ನಲ್ಲಿ ಮಾತ್ರ ರಾತ್ರಿ ಹಾಲ್ಟ್ ಬೇಡ, ಅದೇ ದಿನ ದಾಟಿ ಕಾರ್ಗಿಲ್ ಸೇರ್ಕೋ.

ಸೀಮೆಎಣ್ಣೆ ಮಾತಿಗೆ ಬರೋಣ. ನಿಮ್ ಓನರ್ರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಹಳೇ ಇಂಜಿನ್‌ಗಳಲ್ಲಿ ಹಂಗೇ ಮಾಡ್ತಿದ್ರು, ಸೀಮೆಎಣ್ಣೇಲಿ ಮೇಣ ಕಮ್ಮಿ, ಅದಕ್ಕೆ ಬೇಗ ಕಟ್ಟಲ್ಲ. ಆದ್ರೆ ನಿನ್ನದು ಕಾಮನ್ ರೈಲ್ ಇಂಜಿನ್. ಅದರ ಪಂಪು ಸಾವಿರಾರು ಬಾರ್ ಪ್ರೆಷರ್‌ನಲ್ಲಿ ಡೀಸೆಲ್ ತಳ್ಳುತ್ತೆ, ಆ ಪಂಪಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಜಾರೆಣ್ಣೆ. ಸೀಮೆಎಣ್ಣೆ ಒಣ ಒಣ. ಲೋಹಕ್ಕೆ ಲೋಹ ಉಜ್ಜಿ ಪಂಪಿಂದ ಬಂದ ಪುಡಿ ಇಂಜೆಕ್ಟರ್ ಸೇರಿದ್ರೆ ಬಿಲ್ ನೋಡಿ ನಿಮ್ ಓನರ್ರಿಗೇ ಚಳಿ ಜ್ವರ ಬರುತ್ತೆ. ಅದೂ ಅಲ್ದೆ ಅದರಲ್ಲಿ ಗಂಧಕ ಜಾಸ್ತಿ, ಸೈಲೆನ್ಸರ್ ಕಡೆ ಇರೋ ಹೊಗೆ ಶುದ್ಧಿ ಮಾಡೋ ಸಾಮಾನು ಹಾಳಾಗುತ್ತೆ, ಕಾನೂನಿನ ಕಣ್ಣಲ್ಲೂ ಅದು ಕಲಬೆರಕೇನೇ. ಮೇಣ ಕಟ್ಟದ ಹಾಗೆ ತಡೆಯೋ ಔಷಧಿ ಡಬ್ಬ ಸಿಗುತ್ತೆ, ನಿನ್ ಗಾಡಿ ಕಂಪ್ನಿ ಸರ್ವಿಸಲ್ಲಿ ಕೇಳಿ ಅವರು ಒಪ್ಪಿದ್ದನ್ನೇ ತಗೋ. ಆದ್ರೆ ಡೀಸೆಲ್ ತಿಳಿಯಾಗಿ ಬೆಚ್ಚಗಿರೋವಾಗ್ಲೇ ಹಾಕ್ಬೇಕು, ಕಟ್ಟಿದ್ಮೇಲೆ ಸುರಿದ್ರೆ ಕರಗಿಸಲ್ಲ.

ಇನ್ನು ನೀರು. ನನ್ ಅನುಭವದಲ್ಲಿ ಮೇಣಕ್ಕಿಂತ ಜಾಸ್ತಿ ಲಾರಿ ನಿಲ್ಸಿರೋದು ನೀರು. ಸಂಜೆ ಗಾಡಿ ನಿಲ್ಸಿದ ಕೂಡ್ಲೇ, ಇಂಜಿನ್ ಬಿಸಿ ಇರೋವಾಗ, ಡೀಸೆಲ್ಲಿಂದ ನೀರು ಬೇರೆ ಮಾಡೋ ವಾಟರ್ ಸೆಪರೇಟರ್ ಬಿಚ್ಚಿ ನೀರು ಬಿಡು. ಬ್ರೇಕಿಗೆ ಗಾಳಿ ತುಂಬಿಡೋ ಏರ್ ಟ್ಯಾಂಕ್‌ಗಳ ನೀರೂ ಬಿಡು, ಒಂದೂ ಬಿಡದೆ ಎಲ್ಲಾ ಟ್ಯಾಂಕು. ಬ್ರೇಕ್ ಪೈಪಲ್ಲಿ, ವಾಲ್ವಲ್ಲಿ ನೀರು ಕಲ್ಲಾದ್ರೆ ಬೆಳಗ್ಗೆ ಗಾಡಿ ಬಿಡೋಲ್ಲ, ಅಥವಾ ಅದಕ್ಕಿಂತ ಕೆಟ್ಟದ್ದು, ಇಳಿಜಾರಲ್ಲಿ ಹಿಡಿಯೋಲ್ಲ. ಏರ್ ಡ್ರೈಯರ್ ಕಾರ್ಟ್ರಿಜ್ ಹಳೇದಾಗಿದ್ರೆ ಹೊರಡೋಕೆ ಮುಂಚೆ ಇಲ್ಲೇ ಬದಲಾಯಿಸ್ಕೋ. ಹಿಮದ ನೀರಲ್ಲಿ ಓಡಿ ಬಂದು ಒದ್ದೆ ಡ್ರಮ್ಮಿನ ಮೇಲೆ ಹ್ಯಾಂಡ್ ಬ್ರೇಕ್ ಎಳೆದು ಮಲಗಿದ್ರೆ ಲೈನರ್ರು ಡ್ರಮ್ಮಿಗೆ ಕಚ್ಕೊಂಡ್ಬಿಡುತ್ತೆ. ನಿಲ್ಸೋ ಮುಂಚೆ ಒಂದರ್ಧ ಕಿಲೋಮೀಟರ್ ಬ್ರೇಕ್ ಮೇಲೆ ಕಾಲಿಟ್ಟು ಒಣಗಿಸ್ಕೋ, ಸಮತಟ್ಟು ಜಾಗ ನೋಡಿ ಗೇರಲ್ಲಿ ಬಿಟ್ಟು ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡು. ಇಳಿಜಾರಲ್ಲಿ ಹಾಲ್ಟೇ ಹಾಕ್ಬೇಡ.

ರೇಡಿಯೇಟರ್‌ಗೆ ನಾವು ಮಂಡ್ಯದಲ್ಲಿ ಬೋರ್ ನೀರು ಸುರಿಯೋ ಪೈಕಿ. ಅಲ್ಲಿ ಹಾಗಲ್ಲ, ನೀರು ಗಡ್ಡೆಯಾಗೋವಾಗ ಹಿಗ್ಗುತ್ತೆ, ಎರಕದ ಬ್ಲಾಕನ್ನೇ ಸೀಳುತ್ತೆ. ನೀರು ಬೆರೆಸದ ಗಟ್ಟಿ ಕೂಲೆಂಟು ಅರ್ಧ, ಶುದ್ಧ ನೀರು ಅರ್ಧ ಇದ್ರೆ ಸುಮಾರು ಮೈನಸ್ 37ವರ್ಗೂ ತಡೆಯುತ್ತೆ. ತಮಾಷೆ ಏನಂದ್ರೆ ಬರೀ ಕೂಲೆಂಟನ್ನೇ ಸುರಿದ್ರೆ ಮೈನಸ್ 13ರ ಹತ್ರಾನೇ ಕಟ್ಟುತ್ತೆ, ಅದಕ್ಕೆ ಜಾಸ್ತಿ ಹಾಕಿದ್ರೆ ಜಾಸ್ತಿ ಒಳ್ಳೇದು ಅನ್ಕೋಬೇಡ. ದಾರೀಲಿ ಲೆವೆಲ್ ಕಮ್ಮಿಯಾಯ್ತು ಅಂತ ಬಿಸ್ಲೇರಿ ಬಾಟಲ್ ಸುರಿಯೋದೂ ಬೇಡ, ಎರಡು ಡಬ್ಬ ಕೂಲೆಂಟ್ ಜೊತೇಲಿಟ್ಕೋ. ಇಂಜಿನ್ ಆಯಿಲ್‌ದು 15ಡಬ್ಲ್ಯೂ ಅಂತ ಬರೆದಿರುತ್ತಲ್ಲ, ಅದನ್ನ ಮೈನಸ್ 20ರಲ್ಲಿ ಇಂಜಿನ್ ತಿರುಗುತ್ತಾ ಅಂತ ಟೆಸ್ಟ್ ಮಾಡಿರ್ತಾರೆ, 5ಡಬ್ಲ್ಯೂ ಆದ್ರೆ ಮೈನಸ್ 30ರಲ್ಲಿ. ಮ್ಯಾನುಯಲ್ ನೋಡಿ ಹಾಕಿಸು. ಬ್ಯಾಟರಿ ಎರಡು ವರ್ಷ ದಾಟಿದ್ರೆ ಚೆಕ್ ಮಾಡ್ಸು, ಮೈನಸ್ 18ರ ಹತ್ರ ಹೊಸ ಬ್ಯಾಟರೀನೇ ಅರ್ಧ ಶಕ್ತಿ ಕೊಡೋಕೆ ಒದ್ದಾಡುತ್ತೆ, ಅದೇ ಹೊತ್ತಲ್ಲಿ ಆಯಿಲ್ ಗಟ್ಟಿಯಾಗಿ ಇಂಜಿನ್ ದುಪ್ಪಟ್ಟು ಬಲ ಕೇಳ್ತಿರುತ್ತೆ. ಅದರ ಮೇಲೆ ಲೇಹ್ ಇರೋದು 3500 ಮೀಟರ್ ಎತ್ತರದಲ್ಲಿ, ನಮ್ಮೂರ ಗಾಳಿಯ ಮೂರನೇ ಎರಡು ಭಾಗ ಅಷ್ಟೇ ಅಲ್ಲಿ ಸಿಗೋದು, ಇಂಜಿನ್ನಿಗೂ ನಿನಗೂ ಇಬ್ರಿಗೂ ಏದುಸಿರು.

ನಿನ್ ಗಾಡೀಲಿ ಹೊಗೆ ಶುದ್ಧಿ ಮಾಡೋಕೆ ಹಾಕೋ ಯೂರಿಯಾ ನೀರು, ಅದೇ ಡೆಫ್ ಅಂತೀವಲ್ಲ, ಮೈನಸ್ 11ಕ್ಕೆ ಗಡ್ಡೆ. ಅದಕ್ಕೆ ಹೆದರ್ಬೇಡ, ಇಂಜಿನ್ ಸ್ಟಾರ್ಟ್ ಆಗೋಕೆ ಅದು ಬೇಕಿಲ್ಲ, ಓಡ್ತಾ ಇಂಜಿನ್ ಬಿಸೀಲಿ ಟ್ಯಾಂಕ್ ಹೀಟರ್ ಅದನ್ನ ಕರಗಿಸ್ಕೊಳ್ಳುತ್ತೆ. ಕುತ್ತಿಗೆಮಟ್ಟ ತುಂಬ್ಬೇಡ, ಗಡ್ಡೆಯಾದ್ರೆ ಉಬ್ಬುತ್ತೆ. ಬಿಸಿನೀರು ಬೆರೆಸಿದ್ಯೋ, ಅದರ ಲೆಕ್ಕ 32.5 ಪರ್ಸೆಂಟ್ ಯೂರಿಯಾ ಅಂತ ಇರೋದು ತಪ್ಪಿ ಮೀಟರಲ್ಲಿ ಲೈಟ್ ಹತ್ಕೊಂಡು ಗಾಡಿ ತೆವಳೋಕೆ ಶುರು ಮಾಡುತ್ತೆ.

ಕೊನೇದು, ಇದನ್ನ ಮಾತ್ರ ಕ್ಲೀನರ್ ಹುಡುಗನಿಗೂ ಓದಿ ಹೇಳು. ಕ್ಯಾಬಿನ್ ಒಳಗೆ ಇದ್ದಿಲ ಒಲೆ, ಸ್ಟವ್ ಹಚ್ಕೊಂಡು ಗಾಜು ಏರಿಸಿ ಮಲಗ್ಬೇಡಿ. ಅದರಿಂದ ಬರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷದ ಗ್ಯಾಸಿಗೆ ವಾಸನೆ ಇಲ್ಲ, ಕೆಮ್ಮೂ ಬರಲ್ಲ, ನಿದ್ದೆ ಬಂದಂಗೇ ಆಗಿ ಬೆಳಗ್ಗೆ ಏಳೋದೇ ಇಲ್ಲ. ಎರಡು ಕಂಬಳಿ ಜಾಸ್ತಿ ಹಾಕ್ಕೊಂಡು ಹೋಗಿ, ಚಳಿ ತಡೆಯೋಕಾಗ್ದಿದ್ರೆ ಢಾಬಾದಲ್ಲಿ ಮಂಚ ಹಿಡೀರಿ, ದುಡ್ಡು ಓನರ್ರು ಕೊಡ್ಲಿ.

ಪ್ರಶ್ನೆ: ನಾನು ಮಳವಳ್ಳಿಯವಳು. ನನ್ ತಮ್ಮ ಕೆನಡಾದ ಆಲ್ಬರ್ಟಾದಲ್ಲಿ ದೊಡ್ಡ ಟ್ರೇಲರ್ ಓಡಿಸ್ತಾನೆ. ವಿಡಿಯೋ ಕಾಲ್‌ನಲ್ಲಿ, ಅಕ್ಕ ರಾತ್ರಿ ಲಾರೀನ ಮೊಬೈಲ್ ಥರ ಪ್ಲಗ್ಗಿಗೆ ಹಾಕಿ ಮಲಗ್ತೀನಿ ಅಂತಾನೆ. ಡೀಸೆಲ್ ಲಾರಿಗೆ ಯಾವ ಚಾರ್ಜು? ನಾನೇನು ಅಷ್ಟು ದಡ್ಡಿನಾ?

ಉತ್ತರ: ದಡ್ಡಿ ಅಲ್ಲಮ್ಮ, ನಿಮ್ ತಮ್ಮನೂ ಸುಳ್ಳು ಹೇಳಿಲ್ಲ, ಸ್ವಲ್ಪ ಆಟ ಆಡ್ಸಿದ್ದಾನೆ ಅಷ್ಟೇ. ನಾವು ಬಚ್ಚಲಲ್ಲಿ ಬಕೆಟ್ಟಿಗೆ ಕಾಯಿಲ್ ಇಳಿಬಿಡ್ತೀವಲ್ಲ, ಅಂಥದ್ದೇ ಒಂದು ಇಂಜಿನ್ ಒಳಗೆ ಕೂಲೆಂಟ್ ಇರೋ ಜಾಗದಲ್ಲಿ ಕೂರಿಸಿರ್ತಾರೆ, ಬ್ಲಾಕ್ ಹೀಟರ್ ಅಂತ. ಮುಂದಿನ ಜಾಲರಿಯಿಂದ ಒಂದು ವೈರು ಬಾಲದ ಥರ ಇಳಿಬಿದ್ದಿರುತ್ತೆ. ಅದನ್ನ ಪ್ಲಗ್ಗಿಗೆ ಹಾಕಿದ್ರೆ ಇಂಜಿನ್ ರಾತ್ರಿಯೆಲ್ಲ ಉಗುರು ಬೆಚ್ಚಗಿರುತ್ತೆ. ಆಲ್ಬರ್ಟಾ ಕಡೆ ಎಷ್ಟೋ ಪಾರ್ಕಿಂಗ್ ಜಾಗದಲ್ಲಿ ಇದಕ್ಕಂತಾನೇ ಕಂಬ ನೆಟ್ಟು ಪ್ಲಗ್ ಕೊಟ್ಟಿರ್ತಾರೆ.

ಡೀಸೆಲ್ ಇಂಜಿನ್ನಿಗೆ ಪೆಟ್ರೋಲ್ ಗಾಡಿ ಥರ ಕಿಡಿ ಇಲ್ಲ ನೋಡಿ. ಗಾಳೀನ ಹಿಂಡಿ ಹಿಂಡಿ, ಆ ಒತ್ತಡಕ್ಕೆ ಹುಟ್ಟೋ ಬಿಸೀಲೇ ಡೀಸೆಲ್ ಹತ್ಕೋಬೇಕು. ಕಬ್ಬಿಣ ಮೈನಸ್ 40ರಲ್ಲಿ ಕೂತಿದ್ರೆ ಹುಟ್ಟಿದ ಬಿಸೀನೆಲ್ಲ ಅದೇ ಹೀರ್ಕೊಳ್ಳುತ್ತೆ, ಇಂಜಿನ್ ಎಲ್ಲಿಂದ ಏಳ್ಬೇಕು. ಅಂದ್ಹಾಗೆ ಮೈನಸ್ 40 ಅಂದ್ರೆ ಸೆಂಟಿಗ್ರೇಡೋ ಫ್ಯಾರನ್‌ಹೀಟೋ ಅಂತ ಕೇಳೋ ಹಾಗಿಲ್ಲ, ಎರಡೂ ಅಲ್ಲಿ ಒಂದೇ. ಇನ್ನೊಂದು ಕೇಳಿ ನೋಡಿ ಅವನನ್ನ, ಬೆಳಗ್ಗೆ ಲಾರಿ ಹೊರಟ ಸ್ವಲ್ಪ ದೂರ ಟೈರು ದಡ್ ದಡ್ ಅನ್ನುತ್ತಾ ಅಂತ. ರಾತ್ರಿ ನಿಂತಲ್ಲೇ ರಬ್ಬರ್ ತಳ ಚಪ್ಪಟೆಯಾಗಿ ಹಾಗೇ ಗಟ್ಟಿಯಾಗಿರುತ್ತೆ, ಬಿಸಿಯಾದ್ಮೇಲೆ ಗುಂಡಗಾಗೋದು. ನೀವು ಇದನ್ನ ಕೇಳಿದ್ರೆ ಅಕ್ಕ ನಿನಗೆ ಹೆಂಗೆ ಗೊತ್ತು ಅಂತ ಅವನೇ ಬೆರಗಾಗ್ತಾನೆ. ಜೊತೆಗೆ ಒಂದು ಮಾತು ಹೇಳಿ, ಇಂಜಿನ್ ಆನ್ ಇಟ್ಕೊಂಡು ಕ್ಯಾಬಿನ್‌ನಲ್ಲಿ ಮಲಗೋದಾದ್ರೆ ಹೊಗೆ ಕೊಳವೆ ಸುತ್ತ ಹಿಮ ಮುಚ್ಕೊಂಡಿದ್ಯಾ ಅಂತ ಇಳಿದು ನೋಡ್ಕೊಳ್ಲಿ.

ಪ್ರಶ್ನೆ: ಮದ್ದೂರಿನಿಂದ ದೆಹಲಿಗೆ ಎಳನೀರು ಲೋಡ್ ಕಳಿಸ್ತೀವಿ. ಜನವರೀಲಿ ಅಲ್ಲಿ ಡೀಸೆಲ್ ಕಟ್ಟಿ ಲಾರಿ ನಿಂತ್ರೆ ಮಾಲು ಹಾಳಾಗುತ್ತೆ ಅನ್ನೋ ಭಯ. ಏನು ಮುಂಜಾಗ್ರತೆ?

ಉತ್ತರ: ಯಜಮಾನ್ರೇ, ದೆಹಲಿ ಚಳಿಗೆ ಇಷ್ಟು ಹೆದರೋದು ಬೇಡ. ಬೆಳಗ್ಗೆ 3-4 ಡಿಗ್ರಿ ಮುಟ್ಟೋದುಂಟು ನಿಜ, ಆದ್ರೆ ನಿಮ್ ಲಾರೀಲಿ ಮದ್ದೂರಿನ ಡೀಸೆಲ್ ಆ ಹೊತ್ತಿಗೆ ಇರೋದೇ ಇಲ್ಲ. 350 ಲೀಟರ್ ಟ್ಯಾಂಕು, ಲೀಟರಿಗೆ ನಾಲ್ಕು ಕಿಲೋಮೀಟರ್ ಅಂದ್ರೆ 1400 ಕಿಲೋಮೀಟರು, ನಾಗಪುರ ದಾಟಿ ಸ್ವಲ್ಪ ದೂರಕ್ಕೆ ಖಾಲಿ. ಮುಂದೆ ಹಾಕ್ಸೋದು ಆ ಕಡೆಯ ಚಳಿಗಾಲದ ಮಾಲು. ಮೇಲೆ ಹೇಳಿದ 6 ಡಿಗ್ರಿ ಅನ್ನೋದು ಸ್ಟ್ಯಾಂಡರ್ಡಿನ ಮಿತಿ, ಅಲ್ಲಿಗೇ ಕಟ್ಟಲೇಬೇಕು ಅಂತಲ್ಲ. ಡ್ರೈವರಿಗೆ ಒಂದು ಸ್ಪೇರ್ ಫಿಲ್ಟರ್ ಕೊಟ್ಟು ಕಳಿಸಿ, ಸೆಪರೇಟರ್ ನೀರು ದಿನಾ ಬಿಡೋಕೆ ಹೇಳಿ. ನಿಮ್ಮ ಲಾರಿಗೆ ಅಲ್ಲಿ ನಿಜವಾದ ಅಪಾಯ ಮಂಜು. ಆಗ್ರಾ ದಾಟಿದ್ಮೇಲೆ ಬೆಳಗಿನ ಜಾವ ಮುಂದಿನ ಗಾಡಿ ಲೈಟೇ ಕಾಣಲ್ಲ. ಲೇಟಾಯ್ತು ಅಂತ ಫೋನ್ ಮಾಡಿ ಡ್ರೈವರ್ ತಲೆ ತಿನ್ನೋದು ಬಿಡಿ, ಎಂಟು ಗಂಟೆವರ್ಗೂ ಢಾಬಾದಲ್ಲಿ ನಿಲ್ಸು ಅಂತ ನೀವೇ ಹೇಳಿ.

ಪ್ರಶ್ನೆ: ಮೈಸೂರು ಬನ್ನಿಮಂಟಪ. 2008ರ ಲಾರಿ. ಡಿಸೆಂಬರ್ ಬಂದ್ರೆ ಬೆಳಗ್ಗೆ ಹತ್ತು ಸಲ ಸೆಲ್ಫ್ ಹೊಡೀಬೇಕು, ಎದ್ಮೇಲೆ ಐದು ನಿಮಿಷ ಬಿಳಿ ಹೊಗೆ. ಮೈಸೂರು ಚಳಿಗೆ ಡೀಸೆಲ್ ಕಟ್ತಾ ಇದ್ಯಾ? ಸ್ಪ್ರೇ ಹೊಡೆದು ಸ್ಟಾರ್ಟ್ ಮಾಡಿ ಅಂತ ಒಬ್ರು ಹೇಳ್ತಾರೆ.

ಉತ್ತರ: ಮೈಸೂರು ಚಳಿಗೆ ಕಟ್ಟೋದು ಕೊಬ್ರಿ ಎಣ್ಣೆ, ಡೀಸೆಲ್ ಅಲ್ಲ ಸ್ವಾಮಿ. ಬಿಳಿ ಹೊಗೆ ಅಂದ್ರೆ ಡೀಸೆಲ್ ಒಳಗೆ ಬರ್ತಿದೆ, ಉರೀತಾ ಇಲ್ಲ ಅಂತ. ಮೊದ್ಲು ಬ್ಯಾಟರಿ ಟರ್ಮಿನಲ್ಲು, ಅರ್ಥ್ ವೈರು ಉಜ್ಜಿ ಬಿಗಿ ಮಾಡ್ಸಿ, ಇಂಜಿನ್ ನಿಧಾನ ತಿರುಗಿದ್ರೆ ಬಿಸಿಯೇ ಹುಟ್ಟಲ್ಲ. ಆಮೇಲೆ ಟ್ಯಾಂಕಿಂದ ಬರೋ ಲೈನಿಗೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ ನೋಡಿ, ಗುಳ್ಳೆ ಕಂಡ್ರೆ ಎಲ್ಲೋ ಗಾಳಿ ಎಳೀತಿದೆ, ವಾಷರ್ರು, ಬ್ಯಾಂಜೋ ಬೋಲ್ಟು ನೋಡ್ಸಿ. ಎರಡೂ ಸರಿ ಇದ್ರೆ ನಾಝಲ್ ಟೆಸ್ಟು, ಕಂಪ್ರೆಷನ್ ಟೆಸ್ಟು. 2008ರ ಗಾಡಿ ಅಂದ್ರೆ ಹೊಸ ಪಿಸ್ಟನ್ ರಿಂಗು ಕೇಳೋ ವಯಸ್ಸು. ಸ್ಪ್ರೇ ಬೇಡ, ಅದು ಈಥರ್, ಥಟ್ಟನೆ ಹತ್ಕೊಳ್ಳೋ ಮಾಲು. ಇಂಜಿನ್‌ನಲ್ಲಿ ಹೀಟರ್ ಕಾಯಿಲ್ ಇದ್ದು ಅದು ಕೆಂಪಗೆ ಕಾದಿದ್ರೆ ಏರ್ ಕ್ಲೀನರ್ ಕಡೆಗೇ ಢಂ ಅನ್ನುತ್ತೆ, ಇಲ್ಲದಿದ್ರೂ ದಿನಾ ಹೊಡೆದು ಹೊಡೆದು ರಿಂಗ್ ಮುರಿಯುತ್ತೆ. ಮೊದ್ಲು ಅರ್ಥ್ ವೈರ್ ನೋಡ್ಸಿ, ಇಂಥ ಎಷ್ಟೋ ಗಾಡಿ ನನ್ ಗ್ಯಾರೇಜಿಂದ ಬರೀ ಅಷ್ಟಕ್ಕೇ ವಾಪಸ್ ಹೋಗಿವೆ.